ಬಾಬಾರ ಕೋವಿಮದ್ದಿನ ನಾಯಿಗಳು

ಕೆಲವರ ಮನೆಗೆ ನೆಂಟರು ಹೇಳದೆ ಬರುತ್ತಾರೆ, ಕೆಲವರ ಬಿಳಿ ಬಟ್ಟೆಯ ಮೇಲೇ ಸಾರು ಚೆಲ್ಲುತ್ತದೆ. ನನ್ನ ಪಾಲಿಗೆ ಬಂದದ್ದು ನಗು ತಡೆದುಕೊಂಡು ಕೂರುವ ಕೆಲಸ. ಗಲ್ಫಿನಲ್ಲಿ, ದೇರಾದ ಅಲ್ ಮುರಕ್ಕಬಾತ್‌ನ ಆ ಸಣ್ಣ ಆಫೀಸಿನಲ್ಲಿ ಒಂದು ವಾರ ಸುಮ್ಮನೆ ಕಳೆಯಿತೆಂದರೆ ಮುಂದಿನ ವಾರ ಏನೋ ಕಾದಿದೆ ಎಂದೇ ಅರ್ಥ.

ಮೆಟ್ರೋದ ಹಸಿರು ಲೈನ್ ಹೊಸತಾಗಿ ಓಡಲು ಶುರುವಾಗಿದ್ದ ದಿನಗಳು. ನಾನು ಆಗ ಅಲ್ಲಿ ಸೆಕ್ರೆಟರಿ. ನಮ್ಮ ಕಂಪನಿ ಮಾರುತ್ತಿದ್ದದ್ದು ಮಣ್ಣಿನ ಬಿಲ್ಲೆ. ಶೂಟಿಂಗ್ ಕ್ಲಬ್ಬುಗಳಲ್ಲಿ ಯಂತ್ರದಿಂದ ಗಾಳಿಗೆ ಚಿಮ್ಮಿಸಿ ಕೋವಿಯಲ್ಲಿ ಹೊಡೆದು ಪುಡಿ ಮಾಡುತ್ತಾರಲ್ಲ, ಆ ಕಿತ್ತಳೆ ಬಣ್ಣದ ಬಿಲ್ಲೆಗಳು. ಊರಿನಲ್ಲಿ ನನ್ನ ತಮ್ಮನಿಗೆ ಇದನ್ನು ವಿವರಿಸಿದಾಗ ಅವನು, "ಒಡೆಯಲಿಕ್ಕೆ ಅಂತಲೇ ತಟ್ಟೆ ಮಾರುದಾ? ನಮ್ಮ ಮನೆಯಲ್ಲಿ ಅದು ಫ್ರೀ ಆಗ್ತದೆ" ಎಂದಿದ್ದ.

ಯಜಮಾನರು ಇಲ್ಲಿನವರೇ ಆದ ಒಬ್ಬ ವಯಸ್ಸಾದ ಅರಬರು. ನಾವೆಲ್ಲ ಅವರನ್ನು ‘ಬಾಬಾ’ ಎಂದು ಕರೆಯುತ್ತಿದ್ದೆವು. ಪ್ರಾಯದಲ್ಲಿ ಬಿಲ್ಲೆ ಹೊಡೆಯುವ ಸ್ಪರ್ಧೆಗಳಲ್ಲಿ ಗೆದ್ದವರು. ಮುಂಬೈಗೆ ಹೋಗಿ ಬಂದು ಕಲಿತ ಚಂದದ ಹಿಂದಿ ಅವರದು. ಅವರಿಗೆ ಒಂದೇ ಹುಚ್ಚು: ನೂರು ವರ್ಷದ ಹಿಂದೆ ಅಮೆರಿಕ, ಯುರೋಪಿನ ಕೋವಿಮದ್ದಿನ ಕಂಪನಿಗಳು ಹಂಚುತ್ತಿದ್ದ ಜಾಹೀರಾತುಗಳು. ಕ್ಯಾಲೆಂಡರ್, ಪೋಸ್ಟರ್, ತಗಡಿನ ಬೋರ್ಡು, ಎಲ್ಲ. ಆಫೀಸಿನ ಗೋಡೆಯಲ್ಲಿ ಮೊಳೆ ಹೊಡೆಯಲು ಜಾಗ ಉಳಿದಿರಲಿಲ್ಲ. ಎತ್ತ ನೋಡಿದರೂ ನಾಯಿ. ಹುಲ್ಲಿನ ನಡುವೆ ಮುಂಗಾಲು ಎತ್ತಿ ಉಸಿರು ಹಿಡಿದು ನಿಂತ ನಾಯಿ, ದೋಣಿಯ ತುದಿಯಲ್ಲಿ ಕೂತ ನಾಯಿ, ಟೊಪ್ಪಿ ಹಾಕಿದ ಸ್ಪರ್ಧಿಯ ಕಾಲ ಬಳಿ ಕಿವಿ ನಿಮಿರಿಸಿದ ನಾಯಿ.

ಬಾಬಾ ಹೇಳುತ್ತಿದ್ದರು: "ನೋಡು ಬೇಟಿ, ಈ ಚಿತ್ರಗಾರ ಮಾರಬೇಕಾದದ್ದು ಕಪ್ಪು ಪುಡಿ. ಅದನ್ನು ಯಾರು ನೋಡ್ತಾರೆ? ಅದಕ್ಕೆ ಕೋವಿ ಸಿಡಿಯುವ ಒಂದು ಗಳಿಗೆ ಮುಂಚೆ ನಾಯಿಯ ಮುಖ ಹೇಗಿರ್ತದೆ ಅಂತ ಬಿಡಿಸಿದ. ನೂರು ವರ್ಷ ಆಯ್ತು, ಆ ಸದ್ದಿಗೆ ನಾನು ಇನ್ನೂ ಕಾಯ್ತಾ ಇದ್ದೇನೆ."

ಇಂಥ ಮಾತು ಕೇಳಿ ನನಗೂ ಆ ನಾಯಿಗಳ ಮೇಲೆ ಪ್ರೀತಿ ಹುಟ್ಟಿತು. ಆದರೆ ಪ್ರೀತಿಗೆ ಮುಂಚೆ ಬಂದದ್ದು ಭಯ.

ಇಂಟರ್‌ವ್ಯೂ

ಮೊದಲ ದಿನ ಅವರ ಎದುರು ಕೂತಾಗ ನನ್ನ ಸರ್ಟಿಫಿಕೇಟುಗಳನ್ನು ಅವರು ಮುಟ್ಟಲೇ ಇಲ್ಲ. ನೇರ ಕೇಳಿದರು, "ನಾಯಿ ಅಂದರೆ ಹೆದರಿಕೆ ಉಂಟಾ?"

ಸುಳ್ಳು ಹೇಳಿ ಆಮೇಲೆ ಸಿಕ್ಕಿಬೀಳುವುದು ಬೇಡ ಎಂದು, "ಉಂಟು ಸರ್" ಎಂದೆ.

"ಕೋವಿ?"

"ಅದೂ ಹೆದರಿಕೆ."

"ಮದ್ದಿನ ಪುಡಿ?"

"ದೀಪಾವಳಿಗೆ ಪಕ್ಕದ ಮನೆಯವರು ನೆಲಚಕ್ರ ಹಚ್ಚಿದರೂ ನಾನು ಅಡುಗೆಮನೆಗೆ ಓಡ್ತೇನೆ ಸರ್."

ಕೆಲಸ ಹೋಯಿತು ಎಂದುಕೊಂಡು ಬ್ಯಾಗು ಎತ್ತಿಕೊಂಡೆ. ಬಾಬಾ ನಕ್ಕರು. "ಕೂತುಕೋ. ಹಿಂದೆ ಇದ್ದವನಿಗೆ ಯಾವುದಕ್ಕೂ ಹೆದರಿಕೆ ಇರಲಿಲ್ಲ. ಬಿಸಿ ಚಹಾದ ಲೋಟ ತಂದು ನನ್ನ ಹಳೇ ಕ್ಯಾಲೆಂಡರಿನ ಮೇಲೆ ಇಟ್ಟ. ನಾಯಿಯ ಬೆನ್ನ ಮೇಲೆ ಉರುಟು ಕಲೆ ಬಿತ್ತು. ನನಗೆ ಹೆದರುವವರೇ ಬೇಕು."

ಹೀಗೆ, ಪುಕ್ಕಲುತನಕ್ಕೆ ಸಂಬಳ ಕೊಡುವ ಕಂಪನಿಯೊಂದು ಭೂಮಿಯ ಮೇಲೆ ಇದೆ ಎಂದು ನನಗೆ ಗೊತ್ತಾಯಿತು.

ಮೊಣಕಾಲಿನ ಮದ್ದು

ನಾನು ಸೇರಿದ ತಿಂಗಳಲ್ಲೇ ಹೊಸ ಸ್ಟೋರ್‌ಕೀಪರ್ ಬಂದರು. ದೇರಳಕಟ್ಟೆ ಕಡೆಯ ಬ್ಯಾರಿ, ಐವತ್ತು ದಾಟಿದವರು, ಬಹಳ ಒಳ್ಳೆಯ ಮನುಷ್ಯ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ನನ್ನನ್ನು ಊರಿನಲ್ಲಿ ಕ್ರಿಸ್ತುವರ ಹೆಂಗಸರನ್ನು ಕರೆಯುವ ರೀತಿಯಲ್ಲಿ ‘ಬಾಯಮ್ಮ’ ಎನ್ನುತ್ತಿದ್ದರು.

ಗೋಡೆ ತುಂಬ ಇದೆಲ್ಲ ಎಂಥದ್ದು ಎಂದು ಅವರು ಕೇಳಿದಾಗ ನಾನು ಫೋನಿನಲ್ಲಿದ್ದೆ. ಅವಸರದಲ್ಲಿ, "ಹಳೇ ಮದ್ದಿನ ಕಂಪನಿಯದ್ದು ಕಾಕಾ" ಎಂದೆ. ನಮ್ಮ ಕಡೆ ಔಷಧಿಗೂ ಮದ್ದು, ಕೋವಿಗೆ ತುಂಬುವುದಕ್ಕೂ ಮದ್ದು. ಅದು ನನಗೆ ಆಗ ಹೊಳೆಯಲಿಲ್ಲ.

ಮರುದಿನದಿಂದ ಕಾಕಾ ಚಹಾ ಹೊತ್ತಿಗೆ ಒಂದೇ ಪೋಸ್ಟರಿನ ಮುಂದೆ ನಿಲ್ಲತೊಡಗಿದರು. ಅದರಲ್ಲಿ ಬಿಳಿ ಗಡ್ಡದ ಮುದುಕನೊಬ್ಬ ಕೋವಿ ಹಿಡಿದು ಬೇಲಿ ಹಾರುತ್ತಿದ್ದಾನೆ, ಅವನ ಹಿಂದೆ ನಾಯಿಯೂ ಹಾರುತ್ತಿದೆ. ಕೆಳಗೆ ಮೂಲೆಯಲ್ಲಿ ಕೆಂಪು ಡಬ್ಬಿ.

ವಾರ ಕಳೆದ ಮೇಲೆ ಕಾಕಾ ನನ್ನ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದರು. "ಬಾಯಮ್ಮ, ಬಾಬಾರ ಹತ್ತಿರ ನೀವೇ ಒಂದು ಮಾತು ಹೇಳಬೇಕು. ನನ್ನ ಮೊಣಕಾಲು ನೋವು ನಿಮಗೆ ಗೊತ್ತುಂಟಲ್ಲ. ಆ ಕೆಂಪು ಡಬ್ಬಿ ಒಂದು ತರಿಸಿ ಕೊಡ್ಲಿಕ್ಕೆ ಆಗ್ತದಾ?"

"ಯಾವ ಡಬ್ಬಿ ಕಾಕಾ?"

"ಆ ಮುದುಕನನ್ನು ನೋಡಿ ಮಾರಾಯ್ರೆ! ನನಗಿಂತ ಹತ್ತಿಪ್ಪತ್ತು ವರ್ಷ ಹೆಚ್ಚು ಇರಬಹುದು. ಹೇಗೆ ಹಾರ್ತಿದ್ದಾನೆ! ಅವನದ್ದು ಬಿಡಿ, ನಾಯಿಗೂ ಕೊಟ್ಟಿದ್ದಾರೆ ಅಂತ ಕಾಣ್ತದೆ."

"ಕಾಕಾ, ಅದು ಕೋವಿಮದ್ದು. ಅದನ್ನು ತಗೊಂಡರೆ ಮೊಣಕಾಲು ಮಾತ್ರ ಅಲ್ಲ, ನೀವು ಪೂರ್ತಿ ಹಾರಿಹೋಗ್ತೀರಿ."

ಲಸಿಕೆ

ಅಮೆರಿಕದಿಂದ ಒಂದು ಪೋಸ್ಟರ್ ಬಂದಿತ್ತು. ಮಾರಿದ ಪುಣ್ಯಾತ್ಮ ಪಾರ್ಸೆಲಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ಗನ್‌ಪೌಡರ್’ ಎಂದು ಬರೆದು, ‘ಪೋಸ್ಟರ್’ ಎಂಬುದನ್ನು ಇರುವೆ ಗಾತ್ರದಲ್ಲಿ ಬರೆದಿದ್ದ. ಬಿಡಿಸಿ ತರಲು ನಾನೂ ಕಾಕಾನೂ ಕಸ್ಟಮ್ಸ್ ಆಫೀಸಿಗೆ ಹೋದೆವು.

ಕೌಂಟರಿನ ಯುವ ಅಧಿಕಾರಿ ಕೊಳವೆಯಂತಿದ್ದ ಪಾರ್ಸೆಲನ್ನು ನೋಡಿದ, ನಮ್ಮನ್ನು ನೋಡಿದ. "ಒಳಗೆ ಪೌಡರ್ ಇದೆಯಾ?"

"ಮಾಫಿ ಪೌಡರ್! ಪೌಡರ್ ಇಲ್ಲವೇ ಇಲ್ಲ, ಬರೀ ಕಾಗದ" ಎಂದೆ.

"ಹಾಗಾದರೆ ಪೌಡರ್ ಅಂತ ಯಾಕೆ ಬರೆದಿದೆ?"

"ಅದು ಪೌಡರ್ ಕಂಪನಿಯ ಕಾಗದ."

ಈ ಉತ್ತರದಿಂದ ಅವನ ಮುಖ ಇನ್ನೂ ಬಿಗಿಯಾಯಿತು. ಒಳಗಿನಿಂದ ಹಿರಿಯ ಅಧಿಕಾರಿಯನ್ನು ಕರೆದ. ಸಾಲಿನಲ್ಲಿ ನಮ್ಮ ಹಿಂದೆ ನಿಂತಿದ್ದವರೆಲ್ಲ ಮೆಲ್ಲಗೆ ಪಕ್ಕದ ಸಾಲಿಗೆ ಸರಿದರು. ಕಾಕಾ ಬಾಯಲ್ಲೇ ದುವಾ ಓದತೊಡಗಿದರು.

ಹಿರಿಯರು ತಾವೇ ಮುಚ್ಚಳ ತೆಗೆದು ಸುರುಳಿಯನ್ನು ಮೇಜಿನ ಮೇಲೆ ಬಿಚ್ಚತೊಡಗಿದರು. ಮೊದಲು ಬಂತು ಒಂದು ಬಾಲ. ಆಮೇಲೆ ಕಾಲು, ಹೊಟ್ಟೆ, ಮತ್ತೊಂದು ಬಾಲ. ಕೊನೆಗೆ ಎರಡು ಮುಖ. ಬೆಳಗಿನ ಮಂಜಿನಲ್ಲಿ ಅಕ್ಕಪಕ್ಕ ನಿಂತ ಎರಡು ನಾಯಿಗಳು, ಮೂಗಿನ ತುದಿಯ ಒದ್ದೆ ಕೂಡ ಹೊಳೆಯುವ ಹಾಗೆ ಬಿಡಿಸಿದ್ದು. ಹಿರಿಯರು "ಮಾಷಾ ಅಲ್ಲಾ" ಎಂದರು. ಪಕ್ಕದ ಕೌಂಟರಿನವರು ಎದ್ದು ಬಂದರು. ಸರಿದು ಹೋಗಿದ್ದ ಸಾಲೂ ಹಿಂದೆ ಬಂತು. ಒಬ್ಬರು ತಮ್ಮ ಅಜ್ಜನ ಬೇಟೆನಾಯಿಯ ಕತೆ ಹೇಳಿದರು, ಇನ್ನೊಬ್ಬರು ಫೋಟೋ ತೆಗೆದರು.

ಕೊನೆಗೆ ಹಿರಿಯರು ಸುರುಳಿ ಸುತ್ತಿ, ಮುಖ ಗಂಭೀರ ಮಾಡಿ ಹೇಳಿದರು, "ಪೌಡರ್ ಇಲ್ಲ, ಒಪ್ಪಿದೆ. ಆದರೆ ಎರಡು ನಾಯಿ ಇವೆಯಲ್ಲ. ಇವುಗಳ ಲಸಿಕೆ ಸರ್ಟಿಫಿಕೇಟ್ ಎಲ್ಲಿ?"

ಒಂದು ಗಳಿಗೆ ನಾನು ಬ್ಯಾಗಿನೊಳಗೆ ಕೈ ಹಾಕಿ ಹುಡುಕಿಯೂಬಿಟ್ಟೆ.

ಟೊಪ್ಪಿಯ ಅಜ್ಜಿ

ನನ್ನ ಕುರ್ಚಿಯ ಹಿಂದೆ ತೂಗುತ್ತಿದ್ದದ್ದು ಒಬ್ಬ ಹೆಂಗಸಿನ ಚಿತ್ರ. ಉದ್ದ ಲಂಗ, ಹೂವಿನ ಟೊಪ್ಪಿ, ಭುಜಕ್ಕೆ ಏರಿಸಿದ ಕೋವಿ. ಆ ಕಾಲದ ಮದ್ದಿನ ಕಂಪನಿಗಳು ಹೆಂಗಸರನ್ನೂ ಸ್ಪರ್ಧೆಗೆ ಕರೆಯುತ್ತಿದ್ದವಂತೆ. ಅವಳ ಕಣ್ಣಿನ ಧೈರ್ಯ ಕಂಡು ನಾನು ದಿನವೂ ಬೆಳಿಗ್ಗೆ ಮನಸ್ಸಿನಲ್ಲೇ ಅವಳಿಗೆ ಗುಡ್ ಮಾರ್ನಿಂಗ್ ಹೇಳುತ್ತಿದ್ದೆ.

ನಮಗೆ ರಟ್ಟಿನ ಪೆಟ್ಟಿಗೆ ಒದಗಿಸುವ ಸೇಲ್ಸ್‌ಮನ್ ಒಬ್ಬನಿದ್ದ. ಪ್ರತಿ ಸಲವೂ "ನಾಳೆ ಮೇಡಂ, ಇನ್ಷಾ ಅಲ್ಲಾ" ಎನ್ನುವವನು. ಒಂದು ದಿನ ಅವನು ನನ್ನ ಮೇಜಿನ ಮೇಲಿದ್ದ ಹೆಸರಿನ ಫಲಕ ಓದಿದ. ನಮ್ಮ ಮಂಗಳೂರಿನ ಕ್ರಿಸ್ತುವರ ಅಡ್ಡಹೆಸರುಗಳು ಗೊತ್ತಲ್ಲ, ಕೇಳಿದರೆ ಈಗಷ್ಟೇ ಪೋರ್ಚುಗಲ್ಲಿನ ಹಡಗು ಇಳಿದವರ ಹಾಗೆ. ಅವನು ಹೆಸರು ನೋಡಿ, ಹಿಂದಿನ ಚಿತ್ರ ನೋಡಿ, "ನಿಮ್ಮ ಅಜ್ಜಿಯಾ ಮೇಡಂ?" ಎಂದ.

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಬಾಬಾ ಹೇಳಿದರು, "ಹೌದು. ಅವರ ಮನೆಯಲ್ಲಿ ಹೆಂಗಸರೆಲ್ಲ ಹಾಗೆಯೇ. ಇವಳಂತೂ ಅಜ್ಜಿಗಿಂತ ಚೆನ್ನಾಗಿ ಹೊಡೀತಾಳೆ. ಪಾಪ, ಸ್ವಲ್ಪ ಸಿಟ್ಟು ಜಾಸ್ತಿ."

ಅಂದಿನಿಂದ ಪೆಟ್ಟಿಗೆಗಳು ಹೇಳಿದ ದಿನಕ್ಕಿಂತ ಒಂದು ದಿನ ಮೊದಲೇ ಬರತೊಡಗಿದವು. ಸೇಲ್ಸ್‌ಮನ್ ಮಾತ್ರ ಒಳಗೆ ಬರುತ್ತಿರಲಿಲ್ಲ. ಬಾಗಿಲಲ್ಲೇ ನಿಂತು, "ಮೇಡಂ ಇವತ್ತು ಹೇಗಿದ್ದಾರೆ?" ಎಂದು ಕಾಕಾರ ಹತ್ತಿರ ಕೇಳಿ ಹೋಗುತ್ತಿದ್ದ.

ಸಂತರು ರಜೆಯಲ್ಲಿ

ಒಂದು ಕ್ರಿಸ್ಮಸ್‌ಗೆ ಬಾಬಾ ನನಗೆ ಒಂದು ಚಿತ್ರದ ಪ್ರತಿಯನ್ನು ಫ್ರೇಮು ಹಾಕಿಸಿ ಕೊಟ್ಟರು. ಕಂದು ಬಣ್ಣದ ನಾಯಿಯೊಂದು ತಲೆ ಎತ್ತಿ ಮೇಲೆ ನೋಡುತ್ತಿರುವುದು. ಎಂಥ ಭಕ್ತಿಯ ಕಣ್ಣು! ಮಿರ್ದಿಫ್‌ನ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ತೂಗುಹಾಕಿದೆ.

ಆ ಚಳಿಗಾಲದಲ್ಲಿ ನನ್ನ ಅತ್ತೆ ವಿಸಿಟ್ ವೀಸಾದಲ್ಲಿ ಬಂದರು. ನಾವು ಅವರನ್ನು ಮಾಂಯ್ ಎನ್ನುತ್ತೇವೆ. ಬಂದ ಮರುದಿನ ನಾನು ಆಫೀಸಿನಿಂದ ಮನೆಗೆ ಬಂದರೆ ನಾಯಿಯ ಮುಂದೆ ಮೊಂಬತ್ತಿ ಉರಿಯುತ್ತಿದೆ, ಮಾಂಯ್ ಜಪಮಾಲೆ ಹಿಡಿದು ಕೂತಿದ್ದಾರೆ. ನಮ್ಮಲ್ಲಿ ಒಬ್ಬ ಸಂತರ ಪಟದಲ್ಲಿ ಕಾಲ ಬಳಿ ನಾಯಿ ಇರುತ್ತದೆ, ರೋಗ ರುಜಿನಕ್ಕೆ ಜನ ಅವರಿಗೆ ಹರಕೆ ಹೇಳುತ್ತಾರೆ. ಮಾಂಯ್ ಇದನ್ನು ಆ ನಾಯಿ ಎಂದುಕೊಂಡಿದ್ದರು. ಮೊಮ್ಮಗಳಿಗೆ ನಾಲ್ಕು ದಿನದಿಂದ ಬಿಡದ ಜ್ವರ. ಅದಕ್ಕೇ ಪ್ರಾರ್ಥನೆ.

ಜಪ ಮುಗಿಯಲಿ ಎಂದು ನಾನು ಅಡುಗೆಮನೆಗೆ ಹೋಗಿ ಗಂಜಿಗೆ ನೀರಿಟ್ಟೆ. ಮರುದಿನ ಬೆಳಿಗ್ಗೆ ಜ್ವರ ಇಳಿಯಿತು. ಎದ್ದು ಕೂತ ಮಗಳೇ ಗುಟ್ಟು ರಟ್ಟು ಮಾಡಿದಳು, "ಗ್ರ್ಯಾನಿ, ದಟ್ಸ್ ನಾಟ್ ಅ ಸೇಂಟ್ಸ್ ಡಾಗ್. ಇಟ್ಸ್ ಆ್ಯನ್ ಆ್ಯಡ್!"

ನಾನು ಮೆಲ್ಲಗೆ ವಿವರಿಸಿದೆ: ಇದು ಕೋವಿಮದ್ದಿನ ಜಾಹೀರಾತು, ಇಲ್ಲಿ ಸಂತರು ಇಲ್ಲ. ಮಾಂಯ್‌ಗೆ ಒಂಚೂರೂ ಬೇಸರ ಆಗಲಿಲ್ಲ. ಮೊಂಬತ್ತಿಯ ಬತ್ತಿ ಸರಿಮಾಡುತ್ತ ಹೇಳಿದರು, "ಸಂತರು ಇಲ್ಲದಿದ್ದರೇನಾಯ್ತು, ಜ್ವರ ಬಿಟ್ಟಿತಲ್ಲ? ನಿಮ್ಮ ಗಲ್ಫಿನಲ್ಲಿ ಎಲ್ಲ ಕಡೆಯೂ ಹಾಗೇ ಅಲ್ವಾ. ದೊಡ್ಡವರು ರಜೆಯಲ್ಲಿ, ಕೆಲಸ ಮಾಡುದು ಕೆಳಗಿನವರು."

ನನ್ನ ಗುರಿ

ಬಾಬಾ ಒಮ್ಮೆ ನನ್ನನ್ನೂ ಕ್ಲಬ್ಬಿಗೆ ಕರೆದುಕೊಂಡು ಹೋಗಿ, ತರಬೇತಿಯವರನ್ನು ಪಕ್ಕದಲ್ಲಿ ನಿಲ್ಲಿಸಿ, ಕೋವಿ ಹಿಡಿಸಿದರು. ಟೊಪ್ಪಿಯ ಅಜ್ಜಿಯನ್ನು ನೆನೆದು ಹೊಡೆದೆ. ಬಿಲ್ಲೆ ತನ್ನ ಪಾಡಿಗೆ ಹಾರಿ ಹೋಗಿ ಮರಳಿನಲ್ಲಿ ಮೆತ್ತಗೆ ಕೂತಿತು. ಮತ್ತೆ ಹೊಡೆದೆ. ಅದೂ ಹಾಗೆಯೇ. ಕಾಕಾ ಹೋಗಿ ಒಂದು ಬಿರುಕೂ ಇಲ್ಲದ ಬಿಲ್ಲೆಗಳನ್ನು ಮಡಿಲು ತುಂಬ ಹೆಕ್ಕಿಕೊಂಡು ಬಂದರು.

ಬಾಬಾ ಅವುಗಳನ್ನು ತಿರುಗಿಸಿ ಮುರುಗಿಸಿ ನೋಡಿ, "ಬೇಟಿ, ಇದನ್ನು ಹೊರಗೆ ಯಾರಿಗೂ ಹೇಳಬೇಡ" ಎಂದರು. "ಎಲ್ಲರೂ ನಿನ್ನ ಹಾಗೆ ಹೊಡೆದರೆ ನಮ್ಮ ಬಿಲ್ಲೆ ಕೊಳ್ಳುವವರು ಯಾರು?"

ಸಲೂಕಿಯ ನಿಲುವು

ಇದೆಲ್ಲ ನಗುವಿನ ಮಾತಾಯಿತು. ಒಂದು ವರ್ಷ ಮಾತ್ರ ನಮ್ಮ ಕೆಲಸಕ್ಕೇ ಕುತ್ತು ಬಂತು. ನಮಗೆ ಬಿಲ್ಲೆ ಕಳಿಸುತ್ತಿದ್ದ ಯುರೋಪಿನ ಫ್ಯಾಕ್ಟರಿಯ ಯಜಮಾನ ಸ್ವತಃ ಬರುತ್ತಾನಂತೆ. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಗೋಪುರದಲ್ಲಿ ಆಫೀಸಿದ್ದ ಒಂದು ದೊಡ್ಡ ಕಂಪನಿ ಆ ಬಿಲ್ಲೆ ಮಾರುವ ಏಜೆನ್ಸಿ ತನಗೆ ಬೇಕು ಎಂದಿತ್ತು. ಆತ ಮೊದಲು ಅಲ್ಲಿಗೆ ಹೋಗಿ, ಆಮೇಲೆ ನಮ್ಮಲ್ಲಿಗೆ ಬಂದು, ಯಾರಿಗೆಂದು ತೀರ್ಮಾನಿಸುತ್ತಾನೆ. ಏಜೆನ್ಸಿ ಹೋದರೆ ಆಫೀಸಿಗೆ ಬೀಗ. ಬೀಗ ಬಿದ್ದರೆ ನನ್ನ ವೀಸಾ, ಕಾಕಾರ ವೀಸಾ ಎರಡೂ ಖಲಾಸ್. ಕಾಕಾ ದಿನಕ್ಕೆರಡು ಸಲ ಪಾಸ್‌ಪೋರ್ಟ್ ತೆಗೆದು ವೀಸಾದ ತಾರೀಕು ನೋಡತೊಡಗಿದರು.

ಬಾಬಾ ಮಾತ್ರ ಆರಾಮಾಗಿದ್ದರು. "ಅವರು ಗಾಜಿನ ಲಿಫ್ಟ್ ತೋರಿಸ್ತಾರೆ. ನಾವು ಹಳೇ ಕಾಲದ ಹಾಗೆ ಒಂದು ಕ್ಯಾಲೆಂಡರ್ ಮಾಡಿ ತೋರಿಸೋಣ. ಒಬ್ಬ ಸ್ಪರ್ಧಿ, ಒಂದು ನಾಯಿ. ಸಾಕು."

ಸ್ಪರ್ಧಿ ಅವರೇ. ನಾಯಿ ಅವರ ಮನೆಯ ಸಲೂಕಿ. ಸಲೂಕಿ ಎಂದರೆ ಇಲ್ಲಿನ ಹಳೇ ಬೇಟೆನಾಯಿ: ಸಪೂರ ಮೈ, ಉದ್ದ ಕಾಲು, ರೇಷ್ಮೆಯಂಥ ಕಿವಿ. ಮೊಲ ಕಂಡರೆ ಗಾಳಿಯ ಹಾಗೆ ಓಡುತ್ತದೆ. ಪೋಸ್ಟರಿನ ನಾಯಿಗಳಂತೆ ಮುಂಗಾಲು ಎತ್ತಿ ನಿಲ್ಲುವುದು ಅದರ ಜಾತಿಯಲ್ಲೇ ಇಲ್ಲ. ಈ ಸಲೂಕಿಯಂತೂ ಮಹಾರಾಣಿ. ಎ.ಸಿ. ಕಾರಿನಿಂದ ಇಳಿಯಲಿಕ್ಕೇ ಅದಕ್ಕೆ ಮನಸ್ಸಿಲ್ಲ.

ಚಳಿಗಾಲದ ಒಂದು ಬೆಳಿಗ್ಗೆ ಮರಳುಗಾಡಿನ ಅಂಚಿನ ಕ್ಲಬ್ಬಿಗೆ ಹೋದೆವು. ಶುಕ್ರವಾರಗಳಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದ ಕಾಕಾರದೇ ಕ್ಯಾಮೆರಾ. ಬಾಬಾ ಬಿಳಿ ನಿಲುವಂಗಿ ಕಂದೂರದ ಮೇಲೆ ಹಳೇ ಶೂಟಿಂಗ್ ಕೋಟು ತೊಟ್ಟು, ಖಾಲಿ ಕೋವಿಯನ್ನು ಮಡಚಿ ತೋಳ ಮೇಲಿಟ್ಟು ನಿಂತರು. ಎಂಥ ಗತ್ತು! ಪಕ್ಕದಲ್ಲಿ ಸಲೂಕಿ ಕಾಲು ಚಾಚಿ ಮಲಗಿ ಆಕಳಿಸಿತು. ಎಬ್ಬಿಸಿದರೆ ಕ್ಯಾಮೆರಾಕ್ಕೆ ಬೆನ್ನು ಹಾಕಿತು. "ಯಲ್ಲಾ, ಯಲ್ಲಾ" ಎಂದು ಬಾಬಾ ಗೋಗರೆದರು. ಕಾಕಾ ಬಾಗಿ, ಕೂತು, ಬೆಕ್ಕಿನ ಹಾಗೆ ಕೂಗಿ ನೋಡಿದರು. ಏನೂ ಆಗಲಿಲ್ಲ.

ಬಿಸಿಲು ಏರಿತು. "ತಿಂಡಿಯಾದರೂ ತಿನ್ನುವ" ಎಂದುಕೊಂಡು ನಾನು ಕಾಕಾರ ಬೆನ್ನ ಹಿಂದೆ ಕೂತು, ಅವರ ಹೆಂಡತಿ ಕಟ್ಟಿಕೊಟ್ಟ ಬುತ್ತಿಯ ಮುಚ್ಚಳ ತೆಗೆದೆ. ಪತ್ತಿರ್ ಎಂಬ ಅಕ್ಕಿರೊಟ್ಟಿ, ಜೊತೆಗೆ ಆಡಿನ ಲಿವರ್ ಕಾಳುಮೆಣಸು ಹಾಕಿ ಹುರಿದದ್ದು.

ಸಲೂಕಿ ಎದ್ದು ನಿಂತಿತು. ಕೊರಳು ಮುಂದೆ ಚಾಚಿತು, ಬಾಲ ನೆಟ್ಟಗಾಯಿತು, ಬಲ ಮುಂಗಾಲು ತಾನಾಗಿ ಮೇಲೆದ್ದಿತು. ಉಸಿರೇ ಇಲ್ಲ. ಗೋಡೆಯ ಪೋಸ್ಟರುಗಳಲ್ಲಿ ನಾವು ವರ್ಷಗಟ್ಟಲೆ ನೋಡಿದ್ದ ಅದೇ ನಿಲುವು!

"ಬಾಯಮ್ಮ, ಅಲ್ಲಾಡಬೇಡಿ! ಪಾತ್ರೆ ಸ್ವಲ್ಪ ಮೇಲೆ ಎತ್ತಿ!" ಎಂದು ಕಾಕಾ ಪಿಸುಗುಟ್ಟಿ ಕ್ಲಿಕ್ಕಿಸಿದರು.

ಫ್ಯಾಕ್ಟರಿಯ ಯಜಮಾನ ಕೊನೆಗೂ ಬಂದ. ಎತ್ತರದ ಆಳು, ನಗು ಎಂಬುದೇ ಇಲ್ಲ. ಅಲ್ ರೀಮ್‌ನವರನ್ನು ಬಹಳ ಹೊಗಳಿದ. ನಮ್ಮ ಬಾಬಾ ತಲೆಯಾಡಿಸುತ್ತ ಕೇಳಿ, ಕ್ಯಾಲೆಂಡರನ್ನು ಅವನ ಮುಂದೆ ಬಿಡಿಸಿಟ್ಟರು.

ಆತ ಕನ್ನಡಕ ಒರೆಸಿ ಹಾಕಿಕೊಂಡ. ಎದ್ದು ನಿಂತ. "ಇದು ಸಲೂಕಿ! ಸಲೂಕಿ ಓಡುತ್ತದೆ, ಹೀಗೆ ನಿಲ್ಲುವುದಿಲ್ಲ. ನಾನು ನಾಯಿಗಳ ನಡುವೆಯೇ ಹುಟ್ಟಿ ಬೆಳೆದವನು, ಇಂಥದ್ದು ನೋಡಿಲ್ಲ. ಇದನ್ನು ಪಳಗಿಸಿದವರು ಯಾರು?"

ಬಾಬಾ ಈ ಸಲ ಸುಳ್ಳು ಹೇಳಲಿಲ್ಲ. ನನ್ನ ಕಡೆ ಕೈ ತೋರಿಸಿದರು. "ಅವಳನ್ನೇ ಕೇಳಿ."

ನಾನು ಕುರ್ಚಿಯಿಂದ ಎದ್ದೆ. ಎರಡು ಕುಟುಂಬಗಳ ಅನ್ನ ನನ್ನ ನಾಲಿಗೆಯ ತುದಿಯಲ್ಲಿದೆ. ಏನೇನೋ ದೊಡ್ಡ ಮಾತು ಹೇಳಬೇಕೆಂದಿದ್ದೆ. ಬಾಯಿಂದ ಬಂದದ್ದು ಇಷ್ಟೇ: "ಲಿವರ್ ಫ್ರೈ, ಸರ್."

ಆತ ನನ್ನನ್ನೇ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ, ಕುರ್ಚಿಗೆ ಕುಸಿದರೂ ನಿಲ್ಲಲಿಲ್ಲ. ಕಣ್ಣೊರೆಸಿಕೊಂಡು ಹೇಳಿದ, "ನನ್ನ ಅಜ್ಜ ಬೇಟೆನಾಯಿ ಸಾಕುತ್ತಿದ್ದ. ಇಂಥ ಜಾಹೀರಾತಿನ ಚಿತ್ರಗಾರರು ನಾಯಿ ನೋಡಿ ಬಿಡಿಸಲು ನಮ್ಮ ಮನೆಗೇ ಬರುತ್ತಿದ್ದರಂತೆ. ಚಿತ್ರಗಾರನ ಬೆನ್ನ ಹಿಂದೆ ನಮ್ಮಜ್ಜಿ ಒಂದು ಮಾಂಸದ ತುಂಡು ಹಿಡಿದು ನಿಲ್ಲುತ್ತಿದ್ದಳು. ಇಲ್ಲದಿದ್ದರೆ ಯಾವ ನಾಯಿ ತಾನೇ ಹಾಗೆ ನಿಲ್ಲುತ್ತದೆ?"

ಬಾಬಾ, ಕಾಕಾ, ನಾನು ಮೂವರೂ ಒಟ್ಟಿಗೆ ಗೋಡೆಯ ಕಡೆ ತಿರುಗಿದೆವು. ಮಂಜಿನಲ್ಲಿ ನಿಂತವು, ದೋಣಿಯಲ್ಲಿ ಕೂತವು, ತಲೆ ಎತ್ತಿದವು, ಅಷ್ಟೂ ನಾಯಿಗಳ ಆ ಭಕ್ತಿ, ಆ ಶ್ರದ್ಧೆ! ಬಾಬಾ ಬಹಳ ಹೊತ್ತು ಒಂದೊಂದನ್ನೇ ನೋಡಿದರು. ಅವರಿಗೆ ನೋವಾಯಿತೇನೋ ಎಂದು ನನಗೆ ಕಸಿವಿಸಿ. ಆಮೇಲೆ ಅವರು ಗಡ್ಡ ಸವರಿಕೊಂಡು ಹೇಳಿದರು, "ಹಾಗಾದರೆ ಆ ಚಿತ್ರಗಾರರು ಇನ್ನೂ ದೊಡ್ಡವರು. ಮಾಂಸದ ವಾಸನೆಯ ನಡುವೆಯೂ ಕೈ ನಡುಗದೆ ಬಿಡಿಸಿದ್ದಾರೆ."

ಏಜೆನ್ಸಿ ನಮ್ಮಲ್ಲೇ ಉಳಿಯಿತು. ಆತ ಅಲ್ಲೇ ಕೈ ಕುಲುಕಿ, "ಒಂದೇ ಷರತ್ತು. ಆ ಲಿವರ್ ನಾನೂ ತಿನ್ನಬೇಕು" ಎಂದ. ಕಾಕಾ ಖುಷಿಯಿಂದ ಎಲ್ಲರನ್ನೂ ಮನೆಗೆ ಕರೆದರು.

ಮಧ್ಯಾಹ್ನ ಕಾಕಾರ ಮನೆಯ ಚಾಪೆಯ ಮೇಲೆ ಕೂತಿದ್ದೆವು. ಅಡುಗೆಮನೆಯಿಂದ ಕಾಕಾರ ಹೆಂಡತಿ ಪಾತ್ರೆ ತಂದಿಟ್ಟು ಮುಚ್ಚಳ ತೆಗೆದರು. ಹಬೆ ಎದ್ದಿತು. ಯುರೋಪಿನ ಆ ಗಂಭೀರ ಯಜಮಾನ ಮಾತು ಅರ್ಧಕ್ಕೇ ನಿಲ್ಲಿಸಿ ಕೊರಳು ಮುಂದೆ ಚಾಚಿದ, ಬೆನ್ನು ನೆಟ್ಟಗಾಯಿತು, ಬಲಗೈ ತಾನಾಗಿ ಮೇಲೆದ್ದು ಗಾಳಿಯಲ್ಲೇ ನಿಂತಿತು.

ಕಾಕಾ ನನ್ನ ಕಿವಿಯ ಬಳಿ ಬಾಗಿ ಪಿಸುಗುಟ್ಟಿದರು: "ಬಾಯಮ್ಮ, ಅಲ್ಲಾಡಬೇಡಿ. ಕ್ಯಾಮೆರಾ ತರ್ತೇನೆ."